ನಿವೃತ್ತಿಯ ನಂತರದ ತಿಂಗಳ ಲೆಕ್ಕ

ಉತ್ತರ ಬೆಂಗಳೂರಿನ ಕೈಗಾರಿಕಾ ಬೆಳವಣಿಗೆಗೆ ಸಾರ್ವಜನಿಕ ವಲಯದ ಕಾರ್ಖಾನೆಗಳು ತಳಹದಿ ಹಾಕಿದವೆಂಬುದು ಸದಸ್ಯರಿಗೆ ತಿಳಿದ ಸಂಗತಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಯಲಹಂಕದಲ್ಲಿ 1984ರಲ್ಲಿ ಇಂದಿನ ರೈಲು ಗಾಲಿ ಕಾರ್ಖಾನೆ ತಲೆಯೆತ್ತಿದವು. ಅಲ್ಲಿನ ನೌಕರರಿಗೆ ವಸತಿ, ಆಸ್ಪತ್ರೆಗಳ ಆಸರೆಯಿತ್ತು. ಯಶವಂತಪುರ, ಪೀಣ್ಯಗಳ ಸಣ್ಣ ಘಟಕಗಳಲ್ಲಿ ಲೇತ್ ಯಂತ್ರದ ಮುಂದೆ ಬದುಕು ಸವೆಸಿದವರಿಗೆ ಅಂತಹ ಆಸರೆಯಿಲ್ಲ. ಅವರ ಮುಪ್ಪಿನ ಸಂಸಾರ ಸಾಗುವುದು, ಮಾಲೀಕರು ಅವರ ದುಡಿಮೆಯ ಕಾಲದಲ್ಲಿ ಕಟ್ಟಿದ ವಂತಿಗೆಯ ಮೇಲೆ.

ಪಿಂಚಣಿ ಎಷ್ಟು?

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳವಾಗಿದೆ. ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರ್‌ನಲ್ಲಿ ಗೊತ್ತುಪಡಿಸಿದ 15,000 ರೂಪಾಯಿಗಳ ವೇತನ ಮಿತಿಯಲ್ಲಿ 14 ವರ್ಷ ವಂತಿಗೆ ಸಂದಾಯವಾಗಿದ್ದರೆ, 58ನೇ ವಯಸ್ಸಿನಿಂದ ತಿಂಗಳಿಗೆ 3,000 ರೂಪಾಯಿ ದೊರೆಯುತ್ತದೆ. ಈ ಮೊತ್ತಕ್ಕೆ ತುಟ್ಟಿಭತ್ಯೆಯ ಸಂಬಂಧವಿಲ್ಲ. ಹಾಲು, ಔಷಧ, ಮನೆ ಬಾಡಿಗೆ ಏರಿದರೂ ಪಿಂಚಣಿ ಏರದು.

ನೋಂದಣಿಯಾಗದೆ ಕಳೆದ ಪ್ರತಿಯೊಂದು ವರ್ಷವೂ ಕಾರ್ಮಿಕನಿಗೆ ತಿಂಗಳಿಗೆ ಸುಮಾರು 214 ರೂಪಾಯಿಗಳ ನಷ್ಟ, ಅದೂ ಜೀವಮಾನವಿಡೀ. ಹತ್ತು ವರ್ಷಗಳ ಅರ್ಹತಾ ಸೇವೆ ಇಲ್ಲದಿದ್ದರೆ ಮಾಸಿಕ ಪಿಂಚಣಿಯೇ ಇಲ್ಲ. ಕುಶಲ ಕೆಲಸಗಾರನೊಬ್ಬ ಅರವತ್ತರ ಹರೆಯದಲ್ಲಿ ಹೆಬ್ಬಾಳದ ವಸತಿ ಸಮುಚ್ಚಯದ ರಾತ್ರಿ ಕಾವಲಿಗೆ ನಿಲ್ಲುವಂತಾದರೆ, ಅದರ ಹಿಂದೆ ಇಂತಹ ಲೋಪವೂ ಇರಬಹುದು.

ಗ್ರಾಚ್ಯುಟಿ ಮತ್ತು ಚಿಕಿತ್ಸೆ

ಹತ್ತು ಅಥವಾ ಹೆಚ್ಚು ಜನರಿರುವ ಘಟಕದಲ್ಲಿ ಐದು ವರ್ಷ ದುಡಿದ ಕಾಯಂ ನೌಕರನಿಗೆ ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಗ್ರಾಚ್ಯುಟಿ ಸಲ್ಲಬೇಕು. 1972ರ ಕಾಯ್ದೆ ತಂದ ಈ ನಿಯಮವು 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಯೇ ಸಾಕು. ವೇತನ 26,000 ರೂಪಾಯಿ, ಸೇವೆ 20 ವರ್ಷವಾದರೆ 3 ಲಕ್ಷ ರೂಪಾಯಿ. ಇದನ್ನು ಒಮ್ಮೆಲೇ ಹೊಂದಿಸುವುದು ಸಣ್ಣ ಉದ್ದಿಮೆಗೆ ಕಷ್ಟ. ಜೀವ ವಿಮಾ ನಿಗಮದ ಸಾಮೂಹಿಕ ಗ್ರಾಚ್ಯುಟಿ ಯೋಜನೆಯ ಮೂಲಕ ವರ್ಷವರ್ಷವೂ ಕೂಡಿಡುವುದು ಲೇಸು.

ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷವಿದ್ದು ವಯೋನಿವೃತ್ತಿ ಹೊಂದಿದವರಿಗೆ ವರ್ಷಕ್ಕೆ 120 ರೂಪಾಯಿಗಳ ವಂತಿಗೆಯಲ್ಲಿ ದಂಪತಿಗಳಿಬ್ಬರಿಗೂ ಚಿಕಿತ್ಸಾ ಸೌಲಭ್ಯವನ್ನು ನಿಯಮಗಳು ಕಲ್ಪಿಸಿವೆ. ಬೀಳ್ಕೊಡುಗೆಯ ದಿನ ಹಾರದೊಂದಿಗೆ ಈ ಮಾಹಿತಿಯನ್ನೂ ನೀಡಬೇಕು.

ಅಮೆರಿಕದ ಮಾದರಿ

ಅಮೆರಿಕದಲ್ಲಿ 1935ರ ಕಾಯ್ದೆಯಿಂದ ಬೆಳೆದ ವ್ಯವಸ್ಥೆಯಡಿ, ಒಬ್ಬನೇ ನೌಕರನಿದ್ದರೂ ಮಾಲೀಕನು ಸಾಮಾನ್ಯವಾಗಿ ವೇತನದ ಶೇ. 6.2ರಷ್ಟು ತೆರುತ್ತಾನೆ, ನೌಕರನೂ ಅಷ್ಟೇ. ಬೆಲೆಯೇರಿಕೆಗೆ ಅನುಗುಣವಾಗಿ ಪಿಂಚಣಿಯೂ ಪರಿಷ್ಕೃತವಾಗುತ್ತದೆ. ನಮ್ಮಲ್ಲಿ ಭವಿಷ್ಯನಿಧಿ ಕಡ್ಡಾಯವಾಗುವುದು ಸಾಮಾನ್ಯವಾಗಿ 20 ಜನರಿದ್ದಾಗ. ಅದಕ್ಕಿಂತ ಕಡಿಮೆಯಿದ್ದರೂ ಸ್ವಇಚ್ಛೆಯಿಂದ ಸೇರಲು ಅವಕಾಶವಿದೆ.

15,000 ರೂಪಾಯಿ ವೇತನದವರ ಪಿಂಚಣಿ ನಿಧಿಗೆ ಮಾಲೀಕರ ಪಾಲು ಶೇ. 8.33, ಅಂದರೆ ತಿಂಗಳಿಗೆ 1,250 ರೂಪಾಯಿ. ಸದಸ್ಯರು ಈ ತಿಂಗಳೇ ಹಾಜರಿ ಪುಸ್ತಕವನ್ನೂ ಭವಿಷ್ಯನಿಧಿಯ ಪಟ್ಟಿಯನ್ನೂ ಜೊತೆಗಿಟ್ಟು ನೋಡಲಿ. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಹೆಸರು ಕಂಡರೆ, ಸರಿಪಡಿಸಲು ಮುಂದಿನ ವರ್ಷದವರೆಗೆ ಕಾಯುವುದು ಬೇಡ.