ರಾಜೀನಾಮೆಯ ಮರ್ಯಾದೆ

ಕೆಲಸಕ್ಕೆ ಸೇರುವಾಗ ತೋರಿದ ವಿನಯವನ್ನು ಬಿಡುವಾಗಲೂ ತೋರುವವರು ವಿರಳ. ಸೇರುವ ಮುನ್ನ ಅರ್ಜಿಯನ್ನು ನಾಲ್ಕು ಸಲ ತಿದ್ದಿ ಬರೆಯುತ್ತೇವೆ. ಬಿಡುವ ದಿನ ಎರಡು ಸಾಲು ಗೀಚಿ ಮೇಜಿನ ಮೇಲಿಟ್ಟು ನಡೆದುಬಿಡುತ್ತೇವೆ. ಬಿಡುವುದು ತಪ್ಪೇನಲ್ಲ. ಹೆಚ್ಚಿನ ಸಂಬಳ, ಹುಟ್ಟಿದೂರಿನ ಸೆಳೆತ, ಮೇಲಧಿಕಾರಿಯ ಕಿರುಕುಳ, ಕಾರಣ ಯಾವುದಾದರೂ ಇರಬಹುದು. ಹೇಗೆ ಬಿಟ್ಟೆವು ಎಂಬುದೇ ಇಲ್ಲಿನ ಪ್ರಶ್ನೆ.

ನಾವು ಬಳಸುವ ಮಾತನ್ನೇ ನೋಡಬಹುದು. ‘ರಾಜೀನಾಮೆ’ ಪಾರಸಿಯ ಮೂಲದಿಂದ ಬಂದ ಪದ. ‘ರಾಜಿ’ ಎಂದರೆ ಒಪ್ಪಿಗೆ, ‘ನಾಮೆ’ ಎಂದರೆ ಪತ್ರ. ಮುನಿಸಿನ ಗುರುತೆಂದು ನಾವು ತಿಳಿದಿರುವ ಕಾಗದ ಮೂಲತಃ ಒಪ್ಪಿಗೆಯ ಪತ್ರ! ಹಿಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳ ಕಡೆ ಹಿಡುವಳಿಯನ್ನು ಬಿಡುವ ರೈತ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡುತ್ತಿದ್ದ. ಅದನ್ನು ವಹಿಸಿಕೊಳ್ಳುವವನು ಕಬೂಲಾಯತು ಬರೆದುಕೊಡುತ್ತಿದ್ದ. ಬಿಡುವ ಪತ್ರಕ್ಕೆ ಹಿಡಿಯುವ ಪತ್ರ ಜೊತೆಯಾಗಿತ್ತು. ಮುಂದಿನ ಕಂದಾಯಕ್ಕೆ ಹೊಣೆ ಯಾರೆಂಬ ಸಂಶಯ ಉಳಿಯುತ್ತಿರಲಿಲ್ಲ. ಉದ್ಯೋಗ ಬಿಡುವವನು ಕೊಡಬೇಕಾದ ನೋಟೀಸಿನ ತಿರುಳೂ ಇದೇ: ನನ್ನ ಕೈಯಲ್ಲಿರುವುದನ್ನು ಹಿಡಿಯಲು ಇನ್ನೊಂದು ಕೈ ಸಿದ್ಧವಾಗಲಿ ಎಂಬ ಎಚ್ಚರ.

ಈ ಅವಧಿ ಯಜಮಾನನ ಅನುಕೂಲಕ್ಕೆ ಮಾತ್ರವೆಂದು ಭಾವಿಸಬೇಕಾದುದಿಲ್ಲ. 1977ರ ಮೇ ತಿಂಗಳಲ್ಲಿ ಅಲಹಾಬಾದು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸತೀಶ್ ಚಂದ್ರ ಅವರು ಆಗಸ್ಟ್ 1ರಿಂದ ಪದವಿಯನ್ನು ಬಿಡುವುದಾಗಿ ರಾಷ್ಟ್ರಪತಿಗಳಿಗೆ ಬರೆದರು. ಜುಲೈ 15ರಂದು ಆ ಪತ್ರವನ್ನು ಹಿಂದಕ್ಕೆ ಪಡೆದರು. ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಗೊತ್ತುಮಾಡಿದ ದಿನ ಬರುವ ಮುನ್ನ ಅಂಥ ಪತ್ರವನ್ನು ಹಿಂತೆಗೆದುಕೊಳ್ಳಬಹುದೆಂದು 1978ರಲ್ಲಿ ಬಹುಮತದ ತೀರ್ಪು ಬಂದಿತು. ಬೇರೆ ಬೇರೆ ಉದ್ಯೋಗಗಳ ಷರತ್ತು ಬೇರೆಯಾಗಿರಬಹುದು. ಆದರೂ ಈ ತೀರ್ಪಿನಲ್ಲಿ ಒಂದು ವಿವೇಕವಿದೆ. ಬಿಡುವವನಿಗೂ ಮರುಚಿಂತನೆಗೆ ಅವಕಾಶ ಬೇಕು. ಸಿಟ್ಟಿನಲ್ಲಿ ಎದ್ದುಹೋದವನಿಗೆ ಅದು ದೊರೆಯದು.

ನಮ್ಮ ಅಧ್ಯಾಪಕ ವೃತ್ತಿಯಲ್ಲಿ ಇದರ ಬೆಲೆ ಇನ್ನೂ ಸ್ಪಷ್ಟ. ವರ್ಷದ ನಡುವೆ ಒಬ್ಬರು ಹೇಳದೆ ಹೊರಟರೆ ಆಡಳಿತ ಮಂಡಲಿಗೆ ಆಗುವ ತೊಂದರೆ ಅಲ್ಪ, ಬೇರೊಬ್ಬರನ್ನು ನೇಮಿಸಿಕೊಳ್ಳುತ್ತದೆ. ಮಾತ್ರಾಗಣ ಮುಗಿದು ಅಂಶಗಣ ಮೊದಲಾಗಬೇಕಾದ ತರಗತಿ ಮಾತ್ರ ನಡುದಾರಿಯಲ್ಲಿ ನಿಲ್ಲುತ್ತದೆ. ಪಾಠ ಎಲ್ಲಿಗೆ ನಿಂತಿತು, ಯಾವ ಹುಡುಗನಿಗೆ ಯಾವುದು ತೊಡಕು ಎಂಬುದು ಹೊಸಬರಿಗೆ ತಿಳಿಯದು. ಹಿಂದಿನವರು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದಿಟ್ಟು ಹೋಗಿದ್ದರೆ ಮಕ್ಕಳ ಒಂದು ತಿಂಗಳು ಉಳಿಯುತ್ತಿತ್ತು.

ಆದರೆ ಧರ್ಮ ಒಂದೇ ಕಡೆಯದಲ್ಲ. ನೋಟೀಸು ಕೊಟ್ಟವನನ್ನು ಅಂದಿನಿಂದಲೇ ಪರಕೀಯನಂತೆ ಕಾಣುವ, ಬಾಕಿ ಸಂಬಳ ತಡೆಯುವ, ಸೇವಾಪತ್ರಕ್ಕಾಗಿ ಅಲೆಸುವ ಸಂಸ್ಥೆಗಳೂ ಉಂಟು. ಹೇಳಿ ಹೋದವನು ಪಟ್ಟ ಪಾಡನ್ನು ಕಂಡವರು ಹೇಳದೆ ಹೋಗುವುದನ್ನು ಕಲಿಯುತ್ತಾರೆ. ಒಪ್ಪಿಗೆಯ ಪತ್ರವನ್ನು ಬರೆಯುವವರಷ್ಟೇ ಪಡೆಯುವವರೂ ಅದನ್ನು ಒಪ್ಪಿಗೆಯೆಂದು ತಿಳಿಯಬೇಕು.