ಹನ್ನೆರಡು ಹುದ್ದೆಗಳ ಹಂಚಿಕೆಯಲ್ಲಿ ಇಲ್ಲದ ಭಾಷೆ

ಹೊಸೂರು, ತಳಿ, ಡೆಂಕಣಿಕೋಟೆಯ ಕನ್ನಡಿಗರನ್ನು ಜಾತಿಯ ಲೆಕ್ಕದಲ್ಲಿ ತಮಿಳುನಾಡು ಸರ್ಕಾರ ಮರೆತಿಲ್ಲ. ಹಿಂದುಳಿದವರ ಪಟ್ಟಿಯಲ್ಲಿ ಒಕ್ಕಲಿಗರಿದ್ದಾರೆ, ಪರಿಶಿಷ್ಟರ ಪಟ್ಟಿಯಲ್ಲಿ ಆದಿ ಕರ್ನಾಟಕ ಎಂಬ ಹೆಸರೇ ಇದೆ. ತೊಡಕು ಬಂದದ್ದು ಭಾಷೆಯ ಲೆಕ್ಕದಲ್ಲಿ.

ಮದ್ರಾಸ್ ಪ್ರಾಂತ್ಯದಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ 1921ರಲ್ಲಿ, ಸರ್ಕಾರಿ ಹುದ್ದೆಗಳನ್ನು ಜಾತಿ, ಧರ್ಮದ ಪ್ರಕಾರ ಹಂಚುವ ಕೋಮುವಾರು ಆದೇಶ ಹೊರಡಿಸಿತು. 1927ರ ಆದೇಶ ಅದಕ್ಕೆ ಖಚಿತ ರೂಪ ಕೊಟ್ಟಿತು: ಪ್ರತಿ 12 ಹುದ್ದೆಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 5, ಬ್ರಾಹ್ಮಣರಿಗೆ 2, ಮುಸ್ಲಿಮರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 2, ದಲಿತರಿಗೆ 1. ಭಾಷೆಯ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಬಳ್ಳಾರಿ, ಮಂಗಳೂರು, ಸೇಲಂ ಜಿಲ್ಲೆಯ ಹೊಸೂರು ಎಲ್ಲವೂ ಒಂದೇ ಪ್ರಾಂತ್ಯದಲ್ಲಿದ್ದ ಕಾಲ ಅದು. 1956ರಲ್ಲಿ ಭಾಷಾವಾರು ಗಡಿ ಬಿದ್ದಾಗ ಹೊಸೂರು ಮದ್ರಾಸಿನಲ್ಲೇ ಉಳಿಯಿತು, ಅಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು.

2010ರಲ್ಲಿ ತಮಿಳುನಾಡು ಒಂದು ಕಾಯ್ದೆ ತಂದಿತು. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ನೇರ ನೇಮಕಾತಿಯಲ್ಲಿ ಶೇ 20 ಆದ್ಯತೆ. ಇಂಗ್ಲಿಷ್ ಶಾಲೆಯವರ ಮುಂದೆ ಸೋಲುವ ಹಳ್ಳಿ ಮಕ್ಕಳನ್ನು ಮೇಲೆತ್ತುವ ಈ ಉದ್ದೇಶ ನ್ಯಾಯವಾದದ್ದು. ಕರ್ನಾಟಕವೂ ಕನ್ನಡ ಮಾಧ್ಯಮದವರಿಗೆ ಶೇ 5 ಇಟ್ಟಿದೆ. ಆದರೆ ತಳಿ ಕಡೆಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೂ ಅಂಥದೇ ಬಡವರ ಮನೆಯ ಮಗಳು. ಈ ಶೇ 20 ಹಿಂದುಳಿದವರ ಪಾಲಿನೊಳಗೂ, ಪರಿಶಿಷ್ಟರ ಪಾಲಿನೊಳಗೂ ಅನ್ವಯವಾಗುವುದರಿಂದ, ಅವಳ ಜಾತಿಗೆ ಸಿಕ್ಕ ಪಾಲಿನಲ್ಲೇ ಒಂದು ಭಾಗ ಅವಳಿಗೆ ಮುಚ್ಚಿಹೋಗುತ್ತದೆ. ಶಾಲೆಯ ಓದೂ ತಮಿಳಿನಲ್ಲೇ ಆಗಿರಬೇಕೆಂದು 2020ರ ತಿದ್ದುಪಡಿ ಬಿಗಿ ಮಾಡಿತು.

ಇನ್ನೊಂದು ಮಾತು. 2006ರ ಕಾಯ್ದೆ ಹತ್ತನೇ ತರಗತಿವರೆಗೆ ತಮಿಳನ್ನು ಕಡ್ಡಾಯ ಮಾಡಿದೆ, ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ಕೋರ್ಟಿಗೆ ಅಲೆದಿದ್ದಾರೆ. 2021ರ ಆದೇಶದಂತೆ ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ತಮಿಳು ಪತ್ರಿಕೆಯಲ್ಲೂ ಪಾಸಾಗಲೇಬೇಕು. ತಮಿಳು ಕಲಿತು ಪಾಸಾದ ಮೇಲೂ ಅವಳನ್ನು ಹೊರಗಿಡುವುದಕ್ಕೆ ಯಾವ ಕಾರಣ ಉಳಿಯಿತು?

ಇಂಥ ಊರುಗಳಿಂದ ಚುನಾವಣೆ ಗೆದ್ದು ಹೋದವರ ಮೇಲೆ ಎರಡು ಕಡೆಯ ನಿರೀಕ್ಷೆ ಇರುತ್ತದೆ. ಪಕ್ಷಕ್ಕೆ ರಾಜ್ಯದ ಭಾಷಾ ನಿಲುವು ಬೇಕು, ಊರಿಗೆ ತನ್ನ ಶಾಲೆ ಉಳಿಯಬೇಕು. 2024ರಲ್ಲಿ, ಹೊಸೂರು, ತಳಿ ಸೇರಿದ ಕೃಷ್ಣಗಿರಿ ಕ್ಷೇತ್ರದ ಸಂಸದ ಕೆ. ಗೋಪಿನಾಥ್ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅಲ್ಪಸಂಖ್ಯಾತ ಭಾಷೆಗಳಿಗೆ ಅದು ದೊಡ್ಡ ಗೌರವವೇ. ಆದರೆ 2010ರ ಕಾಯ್ದೆ ರಾಜ್ಯದ್ದು, ಅದನ್ನು ತಿದ್ದುವ ಅಧಿಕಾರ ಇರುವುದು ವಿಧಾನಸಭೆಗೆ. ಸರ್ಕಾರಿ ಶಾಲೆಯಲ್ಲಿ ಕನ್ನಡ, ತೆಲುಗು, ಉರ್ದು ಮಾಧ್ಯಮದಲ್ಲಿ ಓದಿ ತಮಿಳು ಪತ್ರಿಕೆ ಪಾಸಾದವರನ್ನೂ ಆ ಶೇ 20ರೊಳಗೆ ಸೇರಿಸಿ ಎಂದು ಹೊಸೂರು, ತಳಿಯ ಶಾಸಕರು ಅಲ್ಲಿ ಎದ್ದುನಿಂತು ಕೇಳಬೇಕು.