ಹೇಳಿಕೊಳ್ಳದೆ ಸಹಿಸುವ ತೊಂದರೆ: ಶ್ರೋಣಿತಳದ ಆರೋಗ್ಯ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡವನ್ನು ಸೊಂಟಕ್ಕೇರಿಸಿದಾಗ ಅರಿವಿಲ್ಲದೆಯೇ ನಾಲ್ಕು ಹನಿ ಮೂತ್ರ ಜಾರಿಹೋಗುವ ತೊಂದರೆ ನಮ್ಮ ಮಾತೆಯರಲ್ಲಿ ಅನೇಕರಿಗೆ ಇದೆ. ಶಿವಾನುಭವ ಗೋಷ್ಠಿಗೆ ಬಂದರೂ ಬಾಗಿಲ ಬದಿಯಲ್ಲಿಯೇ ಕುಳಿತು ನಡುವೆ ಎದ್ದುಹೋಗುವವರಿದ್ದಾರೆ. ಪಾದಯಾತ್ರೆಗೆ ಬರುವುದನ್ನೇ ಬಿಟ್ಟವರಿದ್ದಾರೆ. ಕಾರಣ ಕೇಳಿದರೆ ಮೊಣಕಾಲು ನೋವೆನ್ನುತ್ತಾರೆ. ಹೆತ್ತ ಮಗಳಿಗೂ ಹೇಳದ ಸಂಗತಿಯನ್ನು ವೈದ್ಯರಿಗೆ ಹೇಳುವುದು ದೂರದ ಮಾತು. ‘ವಯಸ್ಸಾಯಿತು, ಮೂರು ನಾಲ್ಕು ಹೆರಿಗೆಯಾಯಿತು, ಇನ್ನೇನು’ ಎಂಬುದು ಅವರ ಸಮಾಧಾನ. ಈ ತೊಂದರೆಯಲ್ಲಿ ಬಹುಪಾಲು ಸ್ನಾಯುವಿನ ದೌರ್ಬಲ್ಯವೇ ಹೊರತು ವಯಸ್ಸಿನ ಶಾಸನವಲ್ಲ, ಮತ್ತು ಸ್ನಾಯುವಿಗೆ ಯಾವ ವಯಸ್ಸಿನಲ್ಲಿಯೂ ಬಲ ತುಂಬಬಹುದು. ಮಠದ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವವರು ಇರಬಹುದು. ದೇಹದ ನೋವಿಗೆ ಮೈಲಿಗೆಯಿಲ್ಲವೆಂದೇ ನಾವು ತಿಳಿದಿದ್ದೇವೆ.

ಕೂಸನ್ನು ಮಲಗಿಸಲು ಎರಡು ಕಂಬಗಳ ನಡುವೆ ಸೀರೆಯ ಜೋಲಿಯನ್ನು ಕಟ್ಟುತ್ತೇವಲ್ಲವೇ, ಅದೇ ಬಗೆಯಲ್ಲಿ ಮುಂದಿನ ಗುಪ್ತಾಂಗದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಸ್ನಾಯುಗಳ ಪದರವೊಂದು ಹರಡಿಕೊಂಡಿದೆ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ; ನಾವು ಶ್ರೋಣಿತಳ ಎನ್ನೋಣ. ಮೂತ್ರಕೋಶ, ಗರ್ಭಕೋಶ, ಮಲಾಶಯಗಳು ಈ ಜೋಲಿಯ ಮೇಲೆ ಆಶ್ರಯ ಪಡೆದಿವೆ. ಮಲಮೂತ್ರಗಳನ್ನು ಸಮಯ ಬರುವವರೆಗೆ ಹಿಡಿದಿಡುವುದರಲ್ಲಿ ಇದರ ಪಾತ್ರ ದೊಡ್ಡದು. ಗರ್ಭದ ಭಾರ ಮತ್ತು ಹೆರಿಗೆಯಲ್ಲಿ ಇದು ಹಿಗ್ಗುತ್ತದೆ. ಮುಟ್ಟು ನಿಂತ ಮೇಲೆ, ಹಳೆಯ ಕೆಮ್ಮು, ಮಲಬದ್ಧತೆ, ಸ್ಥೂಲಕಾಯ, ಭಾರ ಎತ್ತುವ ದುಡಿಮೆ ಇವುಗಳಿಂದ ಜೋಲಿ ಇನ್ನಷ್ಟು ಸಡಿಲವಾಗುತ್ತದೆ.

ನಮ್ಮ ಸೀಮೆಯ ದುಡಿಮೆಯನ್ನೇ ನೋಡಿ. ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿಯ ಕೆಲಸ, ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿತ, ಬಳಿಕ ಉಸಿರು ಬಿಗಿಹಿಡಿದು ಮೂಟೆ ಎತ್ತುವುದು. ಉಸಿರು ಕಟ್ಟಿ ಎತ್ತಿದಾಗ ಹೊಟ್ಟೆಯ ಒತ್ತಡವೆಲ್ಲ ಕೆಳಗಿಳಿಯುತ್ತದೆ. ಎತ್ತುವ ಗಳಿಗೆಯಲ್ಲಿ ಉಸಿರು ಬಿಡುತ್ತ ಶ್ರೋಣಿತಳವನ್ನು ಮೇಲಕ್ಕೆ ಸೆಳೆದುಕೊಂಡರೆ ಅಪಾಯ ಕಡಿಮೆ. ಭದ್ರಾವತಿ ಮತ್ತು ಶಿವಮೊಗ್ಗದ ನಡುವಿನ ಮಾಚೇನಹಳ್ಳಿಯ ಸಿದ್ಧ ಉಡುಪಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಪಾಡು ಬೇರೆ ಬಗೆಯದು. ಬಸ್ಸಿನಲ್ಲಿ, ಕೆಲಸದ ನಡುವೆ ಶೌಚಾಲಯಕ್ಕೆ ಏಳಬೇಕಾದೀತೆಂದು ಬೆಳಗಿನಿಂದ ನೀರನ್ನೇ ಕುಡಿಯದಿರುವುದು ಇಂಥವರಲ್ಲಿ ರೂಢಿಯಾಗುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಮಲ ಗಟ್ಟಿಯಾಗುತ್ತದೆ. ಮುಕ್ಕಿ ಮುಕ್ಕಿ ತಳದ ಸ್ನಾಯು ಮತ್ತಷ್ಟು ಸೋಲುತ್ತದೆ. ನೀರು ಬಿಡುವುದು ಪರಿಹಾರವಲ್ಲ. ಬಿಡಬೇಕಾದುದು ಅತಿಯಾದ ಕಾಫಿ, ಚಹಾ.

ಈ ಸ್ನಾಯುವಿಗೆ ವ್ಯಾಯಾಮವುಂಟೆಂದು 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಬರೆದರು. ಅವರ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಹಠಯೋಗದ ಮೂಲಬಂಧವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಮೊದಲು ಸ್ನಾಯುವನ್ನು ಗುರುತಿಸಿಕೊಳ್ಳಬೇಕು. ಹತ್ತು ಜನರ ನಡುವೆ ಕುಳಿತಾಗ ವಾಯು ಹೊರಬಾರದಂತೆ ತಡೆಯುತ್ತೇವಷ್ಟೆ, ಆಗ ಬಿಗಿಯಾಗುವುದೇ ಅದು. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಚಿ, ಆ ಭಾಗವನ್ನು ಒಳಕ್ಕೂ ಮೇಲಕ್ಕೂ ಸೆಳೆದು ಮೂರು ಎಣಿಸುವಷ್ಟು ಹೊತ್ತು ಹಿಡಿದು, ಪೂರ್ತಿ ಸಡಿಲಿಸಿ, ಅಷ್ಟೇ ಹೊತ್ತು ವಿಶ್ರಮಿಸಬೇಕು. ಸಡಿಲಿಸುವುದೂ ವ್ಯಾಯಾಮದ ಅರ್ಧಭಾಗ. ಅವಸರದಲ್ಲಿ ಅದನ್ನು ಮರೆಯುವವರೇ ಹೆಚ್ಚು. ಹೊಟ್ಟೆ, ತೊಡೆ, ಪೃಷ್ಠಗಳು ಬಿಗಿಯಬಾರದು, ಉಸಿರಾಟ ಸಹಜವಾಗಿರಬೇಕು. ಒಂದು ಸಲಕ್ಕೆ ಎಂಟರಿಂದ ಹತ್ತು ಬಾರಿ, ದಿನಕ್ಕೆ ಮೂರು ಸಲ. ದಿನ ಕಳೆದಂತೆ ಮೂರನ್ನು ಹತ್ತು ಎಣಿಕೆಯವರೆಗೆ ಏರಿಸಬಹುದು. ಮಲಗಿ ಕಲಿತುದನ್ನು ಕುಳಿತು, ನಿಂತು ಮಾಡಬಹುದು. ತ್ರಿಕಾಲ ಪೂಜೆಯ ನೇಮವುಳ್ಳವರು ಅದಕ್ಕೆ ಕೂರುವ ಮುನ್ನ ಇದನ್ನು ಮುಗಿಸಿಕೊಂಡರೆ ಮರೆಯುವುದಿಲ್ಲ. ಕೆಮ್ಮು ಬರುವ ಸೂಚನೆ ಸಿಕ್ಕೊಡನೆ ಒಮ್ಮೆ ಬಿಗಿಹಿಡಿಯುವ ಅಭ್ಯಾಸವೂ ಉಪಕಾರಿ. ಎಂಟು ದಿನ ಮಾಡಿ ಫಲವಿಲ್ಲವೆಂದು ಬಿಡಬಾರದು, ಮೂರು ತಿಂಗಳಾದರೂ ನಡೆಸಬೇಕು. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಸರಿಯಲ್ಲ. ತಳದ ಭಾಗದಲ್ಲಿ ನೋವಿರುವವರು ವೈದ್ಯರನ್ನು ಕಾಣದೆ ಇದನ್ನು ಆರಂಭಿಸಬಾರದು, ಏಕೆಂದರೆ ಕೆಲವರಲ್ಲಿ ಸ್ನಾಯು ಸಡಿಲವಾಗಿರದೆ ಬಿಗಿದುಕೊಂಡಿರುತ್ತದೆ.

ಮನೆಯ ಬೀಗ ತೆಗೆಯುವಷ್ಟರಲ್ಲಿ, ನಲ್ಲಿಯ ಸದ್ದು ಕೇಳಿದೊಡನೆ ತಡೆಯಲಾಗದಂತೆ ಅವಸರವಾಗುವವರಿಗೆ ಮೂತ್ರಕೋಶವನ್ನು ಪಳಗಿಸುವ ಕ್ರಮವೂ ಬೇಕು: ಅವಸರವಾದಾಗ ನಿಂತು, ಬಿಗಿಹಿಡಿದು, ಹತ್ತು ನಿಮಿಷ ತಡೆದು ಹೋಗುವುದು, ವಾರ ವಾರಕ್ಕೆ ಆ ಅಂತರವನ್ನು ಹಿಗ್ಗಿಸುವುದು.

ಬಾಣಂತನದ ಬಗ್ಗೆ ಒಂದು ಮಾತು. ಭಾರ ಎತ್ತಿಸದೆ ವಿಶ್ರಾಂತಿ ಕೊಡುವ ನಮ್ಮ ಹಿರಿಯರ ಪದ್ಧತಿ ಬಹಳ ಒಳ್ಳೆಯದು. ಬಾಣಂತಿಗೆ ನೀರು ಕೊಡದಿರುವುದು ಮಾತ್ರ ಒಳ್ಳೆಯದಲ್ಲ. ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುವುದರಿಂದ ಶ್ರೋಣಿತಳಕ್ಕೆ ಬಲ ಬರುವುದಿಲ್ಲ. ಸಹಜ ಹೆರಿಗೆಯಾದವರು ನೋವು ತಗ್ಗಿದ ಕೆಲವೇ ದಿನಗಳಲ್ಲಿ ಮೆಲ್ಲಗೆ ಈ ವ್ಯಾಯಾಮವನ್ನು ತೊಡಗಬಹುದು.

ಸ್ನಾಯು ತೀರ ಸೋತಾಗ ಗರ್ಭಕೋಶವೋ ಮೂತ್ರಕೋಶವೋ ಕೆಳಗೆ ಜಾರುತ್ತದೆ. ಸಂಜೆಯಾದಂತೆ ಕೆಳಗೆ ಜಗ್ಗಿದ ಹಾಗೆ, ಏನೋ ಹೊರಬಂದ ಹಾಗೆ ಅನಿಸುತ್ತದೆ. ಆಗ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ನೆರೆಮನೆಯಿಂದಲೇ ಬಂದೀತು. ನಮಗೆ ಕಳವಳವಿರುವುದು ಇಲ್ಲಿ. ಅನಗತ್ಯವಾಗಿ ಗರ್ಭಕೋಶ ತೆಗೆಯಲಾಯಿತೆಂದು ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರು 2017ರಲ್ಲಿ ಬೀದಿಗಿಳಿದು ನ್ಯಾಯ ಕೇಳಿದ್ದನ್ನು ಮರೆಯಲಾಗದು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅನುಸರಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ನಿರ್ದೇಶಿಸಿತು. ಜಾರುವಿಕೆ ಅಲ್ಪವಾಗಿದ್ದರೆ ವ್ಯಾಯಾಮದಿಂದ ಹಿಡಿತ ಬರುತ್ತದೆ. ಹೆಚ್ಚಾಗಿದ್ದರೆ ಒಳಗಿಡುವ ರಿಂಗ್ ಪೆಸರಿ ಎಂಬ ಬಳೆಯ ಆಧಾರವಿದೆ. ಇವು ಸಾಲದವರಿಗೆ ಶಸ್ತ್ರಚಿಕಿತ್ಸೆ ಉಚಿತವೇ ಸರಿ. ಆದರೆ ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಸಡಿಲವಾದ ಜೋಲಿ ಬಿಗಿಯಾಗದು, ಆಧಾರದ ಭಾಗವನ್ನೂ ಸರಿಪಡಿಸಬೇಕಾಗುತ್ತದೆ. ಏಕೆ ತೆಗೆಯಬೇಕು, ಬೇರೆ ದಾರಿ ಇಲ್ಲವೇ ಎಂದು ಕೇಳುವ ಹಕ್ಕು ರೋಗಿಗಿದೆ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ಇದು ಹೆಂಗಸರ ವಿಷಯವೆಂದು ಪುಟ ತಿರುವಿದ ಗಂಡಸರೂ ಹಿಂತಿರುಗಬೇಕು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಭದ್ರಾವತಿಯ ಹಿರಿಯರಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದವರಿಗೆ ಮೂತ್ರದ ಹಿಡಿತ ತಪ್ಪಿದ್ದರೆ ಇದೇ ವ್ಯಾಯಾಮ, ಇದೇ ಲೆಕ್ಕ.

ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಬಳಿಕ ರಕ್ತಸ್ರಾವ, ಮೂತ್ರ ಕಟ್ಟಿಕೊಳ್ಳುವುದು, ಕಾಲುಗಳಲ್ಲಿ ಜೋಮಿನೊಡನೆ ಹಠಾತ್ತನೆ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮವನ್ನು ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.